ಮೇಸ್ತ್ರಿ ನೋಡದ ಬ್ಯಾಟರಿ

"ಮುಟ್ಟಬ್ಯಾಡ ಬಾಯಿ. ಮೊದಲ ಕಣ್ಣಿಲೆ ನೋಡು," ಎಂದ ಹವಾಲ್ದಾರ ಮಡೆಪ್ಪ.

ಸುಭದ್ರಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಬೀದರದ ಗಾಂಧಿಗಂಜಿನ ಹಿಂದಿನ ಓಣಿಯಲ್ಲಿದ್ದ ಸರ್ದಾರನ ಅಂಗಡಿ ಅದು. ಒಳಕೋಣೆಯಲ್ಲಿ ಹಳೆಯ ಬ್ಯಾಟರಿ ಡ್ರಿಲ್ಲುಗಳು ಗುಡ್ಡೆ ಬಿದ್ದಿದ್ದವು. ಮೂತಿ ಮುರಿದವು, ಹಿಡಿಕೆಗೆ ಟೇಪು ಸುತ್ತಿದವು, ಸುಟ್ಟು ಕರಕಲು ವಾಸನೆ ಹೊಡೆಯುವವು. ಜೋಳದೊಳಗಿನ ಹರಳು ಆರಿಸುವವಳ ಹಾಗೆ ಅವಳು ಒಂದೊಂದನ್ನೇ ನೋಡುತ್ತಾ ಹೋದಳು. ಅವಸರ ಮಾಡಲಿಲ್ಲ.

ಹೋಳಿಯ ಮರುದಿನ ಹೈದರಾಬಾದಿನಲ್ಲಿ ಪುಣೆಯ ಬಸ್ಸು ಹತ್ತಿದನೆಂದು ಹೇಳಲಾದ ಅವಳ ಗಂಡ ಕಾಶೀರಾಮ ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವನ ಡ್ರಿಲ್ಲಿನ ಬ್ಯಾಟರಿ ಈ ರಾಶಿಯಲ್ಲಿ ಬಿದ್ದಿದೆಯೆಂದು ಚಿಂತಾಕಿಯ ರಶೀದ ಅಹ್ಮದ ನಿನ್ನೆ ಔರಾದ ಠಾಣೆಗೆ ಬಂದು ಹೇಳಿ ಹೋಗಿದ್ದ.

"ಅದ ನೋಡ್ರಿ," ಎಂದಳು ಸುಭದ್ರಾಬಾಯಿ. ಮಗುಚಿ ಬಿದ್ದಿದ್ದ ಒಂದು ಬ್ಯಾಟರಿಯತ್ತ ಬೆರಳು ತೋರಿಸಿದಳೇ ಹೊರತು ಮುಂದೆ ಬಾಗಲಿಲ್ಲ.

ಮಡೆಪ್ಪ ಕರವಸ್ತ್ರ ಹಿಡಿದು ಅದನ್ನು ಎತ್ತಿಕೊಂಡ. ಅಂಗೈ ತುಂಬುವಷ್ಟು ದೊಡ್ಡ ಬ್ಯಾಟರಿ. ಹೊರಮೈ ನೋಡಿದರೆ ಉಳಿದವುಗಳಿಗಿಂತ ಬೇರೆ ಅನಿಸುವುದು ಏನೂ ಇರಲಿಲ್ಲ. ಮಷೀನಿನೊಳಗೆ ಸರಿದು ಕೂಡುವ ಬದಿಯನ್ನು ಬೆಳಕಿಗೆ ಹಿಡಿದಾಗ ಕಂಡಿತು. ಕಾಸಿದ ಮೊಳೆಯಿಂದ ಪ್ಲಾಸ್ಟಿಕ್ಕಿನ ಮೇಲೆ ಸುಟ್ಟು ಕೊರೆದ ಒಂದು ಚಕ್ರ. ಚಕ್ರದ ಕಡ್ಡಿಗಳೆಲ್ಲ ನೆಟ್ಟಗೆ ಬಂದಿದ್ದವು. ಒಂದು ಮಾತ್ರ ನಡುವಿಗೇ ನಿಂತುಬಿಟ್ಟಿತ್ತು.

ಅದನ್ನು ಕೊರೆಯುವಾಗ ಮೊಳೆ ಆರಿಹೋಯಿತಂತೆ. ಮತ್ತೆ ಕಾಯಿಸಿ ಕೊಡುತ್ತೇನೆಂದು ಇವಳು ಒಲೆಯ ಮುಂದಿನಿಂದ ಎದ್ದರೆ, ಇರಲಿ ಬಿಡು, ಹಿಂಗಿದ್ದರೇ ನನ್ನದು ಅಂತ ಗುರುತು ಸಿಗುತ್ತದೆ ಎಂದು ಅವನೇ ತಡೆದನಂತೆ. ಇಷ್ಟನ್ನು ಹೇಳುವಾಗ ಸುಭದ್ರಾಬಾಯಿಯ ದನಿ ಎಲ್ಲಿಯೂ ಒಡೆಯಲಿಲ್ಲ.

ಮಡೆಪ್ಪನಿಗೆ ಕೆಟ್ಟದೆನಿಸಿದ್ದು ಬೇರೆಯೇ ಕಾರಣಕ್ಕೆ.

ಔರಾದದ ಕಡೆಯಿಂದ ಹೈದರಾಬಾದಿಗೆ ಸೀಲಿಂಗ್ ಕೆಲಸಕ್ಕೆ ಹೋಗುವ ಕೆಲಸಗಾರರ ಟೋಳಿಗಳಲ್ಲಿ ಒಂದು ಪದ್ಧತಿ ಇದೆ. ಮಷೀನು ಮೇಸ್ತ್ರಿಯದು, ಬ್ಯಾಟರಿ ಕೆಲಸಗಾರನದು. ಕಟ್ಟುತ್ತಿರುವ ಕಟ್ಟಡದಲ್ಲಿ ಕರೆಂಟು ಎಲ್ಲಿರುತ್ತದೆ? ಒಬ್ಬ ಚಹಾದ ಅಂಗಡಿಯವನ ಕೈಕಾಲು ಹಿಡಿದು, ಇನ್ನೊಬ್ಬ ಮಸೀದಿಯ ಮುಂದಿನ ಮೊಬೈಲ್ ಅಂಗಡಿಯಲ್ಲಿ ಕೊಟ್ಟು, ತನ್ನ ತನ್ನ ಬ್ಯಾಟರಿ ತುಂಬಿಸಿಕೊಂಡು ಬರಬೇಕು. ತುಂಬಿದ ಬ್ಯಾಟರಿ ತಂದವನಿಗೆ ಆ ದಿನದ ಕೆಲಸ; ಖಾಲಿ ತಂದವನು ಹಲಗೆ ಹೊರಬೇಕು. ಹಾಗಾಗಿ ಗಂಡಸರು ಅದನ್ನು ತಲೆದಿಂಬಿನ ಕೆಳಗಿಟ್ಟು ಮಲಗುತ್ತಾರೆ. ಊರಿಗೆ ಬರುವಾಗ ಬಟ್ಟೆ ಬಿಟ್ಟು ಬಂದಾರು, ಬ್ಯಾಟರಿ ಬಿಟ್ಟು ಬರುವುದಿಲ್ಲ.

ಮಡೆಪ್ಪ ಕಡತ ಮುಚ್ಚಿದ್ದು ಈ ಪದ್ಧತಿಯನ್ನು ನಂಬಿಯೇ. ಕಾಶೀರಾಮ ಕಾಣೆಯಾದ ಸುದ್ದಿ ಠಾಣೆಗೆ ಬಂದಾಗ ಟೋಳಿಯ ಮೇಸ್ತ್ರಿ ಪಂಢರಿ ಎದುರಿಗೆ ಕುಳಿತು ಹೇಳಿದ್ದ: ಜಗಳಾಡಿ ಹೋದ, ಚೀಲದೊಳಗೆ ಬ್ಯಾಟರಿ ಹಾಕಿಕೊಂಡು ಹೋದದ್ದನ್ನು ನಾನೇ ನೋಡಿದೆ, ಎಲ್ಲಾದರೂ ಬೇರೆ ಟೋಳಿ ಸೇರಿಕೊಂಡಿರುತ್ತಾನೆ. ಬ್ಯಾಟರಿ ಒಯ್ದವನು ದುಡಿಯಲು ಹೋದವನು. ಅದಕ್ಕಿಂತ ದೊಡ್ಡ ಸಾಕ್ಷಿ ಮಡೆಪ್ಪನಿಗೂ ಬೇಕಾಗಿರಲಿಲ್ಲ. ಮೇಲಾಗಿ ಹೇಳಿದವನು ಪಂಢರಿ. ಔರಾದದ ಹಾಸ್ಟೆಲಿನಲ್ಲಿ ತನ್ನೊಡನೆ ಒಂದೇ ಕಂಬಳಿಯಲ್ಲಿ ಚಳಿ ಕಳೆದವನು.

ಸ್ವಂತ ಇಚ್ಛೆಯಿಂದ ಹೋಗಿದ್ದಾನೆ ಎಂದು ಬರೆದು ಮಡೆಪ್ಪ ಸಹಿ ಹಾಕಿದ್ದ.

ಸರ್ದಾರ ಬಾಗಿಲಲ್ಲಿ ನಿಂತು ಗಡ್ಡ ಕೆರೆದುಕೊಳ್ಳುತ್ತಿದ್ದ. ಯುಗಾದಿಯಿಂದ ಅವನ ಅಂಗಡಿಯಲ್ಲಿ ಮೇಳ ನಡೆದಿತ್ತು. ಹಳೆಯ ಮಷೀನು ಕೊಟ್ಟು ಹೊಸದು ಒಯ್ಯುವ ಮೇಳ. ಕೆಟ್ಟಿರಲಿ, ಸುಟ್ಟಿರಲಿ ನಡೆಯುತ್ತದೆ, ಬ್ಯಾಟರಿ ಮಾತ್ರ ಜೊತೆಗಿರಬೇಕು ಎಂಬುದು ಕಂಪನಿಯ ಷರತ್ತು. ಅದರಿಂದ ಮೇಸ್ತ್ರಿಗಳಿಗೆ ಪೇಚಾಟ ಹತ್ತಿಕೊಂಡಿತ್ತು. ಮಷೀನು ಇದೆ, ಬ್ಯಾಟರಿ ಇಲ್ಲ. ಕೆಲಸಗಾರರನ್ನು ಕೇಳಿದರೆ ಸತ್ತ ಬ್ಯಾಟರಿಯನ್ನು ಕೂಡ ಕೊಡಲೊಲ್ಲರು. ಇದನ್ನೆಲ್ಲ ಸರ್ದಾರ ತನ್ನ ದಖನಿ ಬೆರೆತ ಕನ್ನಡದಲ್ಲಿ ನಗುನಗುತ್ತಾ ಹೇಳಿದ. ಯಾವ ಬ್ಯಾಟರಿಯನ್ನು ಯಾರು ತಂದರೆಂದು ಕೇಳಿದಾಗ ಮಾತ್ರ ನಗು ನಿಂತಿತು.

"ಖರೆ ಹೇಳ್ತೀನಿ ಸಾಬ್, ನಂಗ ಯಾದ್ ಇಲ್ಲ. ಫೋಟೋ ನೋಡ್ರಿ, ನೀವೇ ಹುಡುಕ್ರಿ."

ಹೊಸ ಮಷೀನು ಒಯ್ದವರಿಗೆಲ್ಲ ಕೊರಳಿಗೆ ಪ್ಲಾಸ್ಟಿಕ್ ಚೆಂಡುಹೂವಿನ ಹಾರ ಹಾಕಿ, ಒಂದು ಕೈಯಲ್ಲಿ ಹಳೆಯದು, ಒಂದು ಕೈಯಲ್ಲಿ ಹೊಸದು ಹಿಡಿಸಿ ಫೋಟೋ ತೆಗೆದಿದ್ದ ಸರ್ದಾರ. ಅವು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆ ತುಂಬಾ ಅಂಟಿದ್ದವು. ಬೀದರದವರು, ಹುಮನಾಬಾದದವರು, ಉದಗೀರದಿಂದ ಬಂದವರು. ಎಲ್ಲರೂ ಮದುಮಕ್ಕಳಂತೆ ಬಿಗಿದುಕೊಂಡು ನಿಂತಿದ್ದರು.

ಪಂಢರಿ ಮೇಲಿನ ಸಾಲಿನಲ್ಲಿದ್ದ. ಹಾರ ಸ್ವಲ್ಪ ವಾರೆಯಾಗಿತ್ತು. ಬಲಗೈಯಲ್ಲಿ ಹೊಸ ಮಷೀನು. ಎಡಗೈಯ ಹಳೆಯದರ ಮೈಯನ್ನು ಗೀಚಿ ಗೀಚಿ ಒರೆಸಲಾಗಿತ್ತು. ಟೋಳಿಯ ಹೆಸರಿದ್ದ ಜಾಗದಲ್ಲಿ ಬಿಳಿ ಕಲೆಯಿತ್ತು.

ಗುರುತು ಅಳಿಸಿದ್ದೀಯಾ ಮಗನೇ, ಎಂದುಕೊಂಡ ಮಡೆಪ್ಪ. ಮಷೀನಿನದು ಅಳಿಸಿದ್ದೀಯ. ಬ್ಯಾಟರಿಯನ್ನು ತಿರುವಿ ನೋಡುವ ರೂಢಿ ಮೇಸ್ತ್ರಿಗೆ ಎಲ್ಲಿಂದ ಬರಬೇಕು? ಅದು ಎಂದೂ ಅವನದಲ್ಲ.

ರಶೀದ ಅಹ್ಮದ ಕೂಡ ಮೊದಲು ಆ ಟೋಳಿಯಲ್ಲೇ ಇದ್ದವನು, ಈಗ ಸ್ವಂತ ಮಷೀನಿಟ್ಟು ದುಡಿಯುವವನು. ತನ್ನ ಮಷೀನು ರಾಶಿಗೆ ಹಾಕುವಾಗ, ಗೆಳೆಯನ ಬ್ಯಾಟರಿಯನ್ನು ಗುರುತಿಸಲು ಅವನಿಗೆ ಒಂದು ಗಳಿಗೆ ಸಾಕಾಗಿತ್ತು.

ಪಂಢರಿ ಈಗಿರುವ ಭಾಲ್ಕಿಯ ಬಸ್ಸಿನಲ್ಲಿ ಜಾಗ ಸುಲಭವಾಗಿ ಸಿಕ್ಕಿತು. ಗಂಟುಮೂಟೆ ಕಟ್ಟಿದವರೆಲ್ಲ ಎದುರು ದಿಕ್ಕಿನ, ಹೈದರಾಬಾದಿನ ಬಸ್ಸುಗಳ ಬಾಗಿಲಲ್ಲಿ ಜೋತುಬಿದ್ದಿದ್ದರು. ರಸ್ತೆಯ ಎರಡೂ ಕಡೆ ಹೊಲಗಳು ಉತ್ತ ಹಾಗೆಯೇ ಬಿರಿದು ಬಿದ್ದಿದ್ದವು. ನೀರಿನ ಟ್ಯಾಂಕರೊಂದು ಮುಂದೆ ಸೋರಿಕೊಂಡು ಹೋಗುತ್ತಿತ್ತು. ಬಸ್ಸಿನೊಳಗಿದ್ದವರೆಲ್ಲ ಆ ಒದ್ದೆ ಗೆರೆಯನ್ನೇ ನೋಡುತ್ತಿದ್ದರು.

ಸುಭದ್ರಾಬಾಯಿಯನ್ನು ಊರಿಗೆ, ಚಿಂತಾಕಿಗೆ ಕಳಿಸಿಬಿಡಬೇಕೆಂದು ಮಡೆಪ್ಪ ಲೆಕ್ಕ ಹಾಕಿದ್ದ. ಅವಳು ಕೇಳಲಿಲ್ಲ. ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು ಎಂದಳು. ಅತ್ತೆ ಗಿರಿಜಾಬಾಯಿ, ನನ್ನ ಮಗ ಇನ್ನೊಬ್ಬಳನ್ನು ಕಟ್ಟಿಕೊಳ್ಳುವವನಲ್ಲ ಎನ್ನುತ್ತಾಳೆ. ಓಣಿಯವರು, ಗಂಡನನ್ನು ಹಿಡಿದಿಟ್ಟುಕೊಳ್ಳಲಾರದವಳು ಎನ್ನುತ್ತಾರೆ. ಟ್ಯಾಂಕರ್ ಬಂದಾಗ ಕೊಡ ಹಿಡಿದು ನಿಂತರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಆಸರೆಯೆಂದರೆ ಒಡಹುಟ್ಟಿದ ಅಣ್ಣ ಗೋರಖನಾಥನೊಬ್ಬ. ಅವನೂ ಅದೇ ಟೋಳಿಯವನು. ತಂಗಿಯ ಗಂಡನನ್ನು ಕಂಡುಹಿಡಿಯದೆ ಊರಿಗೆ ಕಾಲಿಡುವುದಿಲ್ಲವೆಂದು ಹೈದರಾಬಾದಿನಲ್ಲೇ ಉಳಿದು ಆಸ್ಪತ್ರೆ, ಬಸ್ ನಿಲ್ದಾಣ ಎಂದು ಅಲೆಯುತ್ತಿದ್ದಾನೆ. ಊರ ಸುದ್ದಿ ಕೇಳಲು ಆಗಾಗ ಇವಳಿಗೆ ಫೋನ್ ಮಾಡುತ್ತಾನೆ.

ಆಮೇಲೆ ಅವಳು ಹೇಳಿದಳು:

"ಸಾಹೇಬರ, ಸತ್ತಿದ್ರ ಸತ್ತಾರ ಅಂತ ಹೇಳ್ರಿ. ಬಿಟ್ಟು ಹೋಗಿದ್ರ ಬಿಟ್ಟಾರ ಅಂತ ಹೇಳ್ರಿ. ನಡುವ ನಿಂದರಸಬ್ಯಾಡ್ರಿ ನಂಗ."

ಮಡೆಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಅವಳನ್ನು ಅಲ್ಲಿ ನಿಲ್ಲಿಸಿದ್ದರಲ್ಲಿ ಪಂಢರಿಯ ಮಾತಿನಷ್ಟೇ ತನ್ನ ಸಹಿಯ ಪಾಲೂ ಇತ್ತು.

ಪಂಢರಿಯ ಹೊಸ ಕಾರ್ಖಾನೆ ಭಾಲ್ಕಿಯ ರೈಲ್ವೆ ಸ್ಟೇಷನ್ನಿನ ಆಚೆ ಬದಿ, ತಗಡಿನ ಮಾಡಿನ ಕೆಳಗಿತ್ತು. ಬೋರ್ಡು ಬಂದಿತ್ತು, ಹೆಸರು ಇನ್ನೂ ಬರೆದಿರಲಿಲ್ಲ. ಪ್ಲೈವುಡ್ಡಿನ ಹೊಟ್ಟು ಗಾಳಿಯಲ್ಲಿ ತೇಲುತ್ತಿತ್ತು. ಪಂಢರಿ ಒಂದು ಕಪಾಟಿನ ಬಾಗಿಲಿಗೆ ತಿರುಪು ಬಿಗಿಯುತ್ತಿದ್ದ. ಕೈಯಲ್ಲಿ ಫೋಟೋದಲ್ಲಿದ್ದ ಅದೇ ಹೊಸ ಮಷೀನು.

ಮಡೆಪ್ಪನನ್ನು ಕಂಡು ಮುಖ ಅರಳಿತು. ಹಿಂದೆ ಬಂದ ಸುಭದ್ರಾಬಾಯಿಯನ್ನು ಕಂಡು ಅರಳಿದ ಮುಖ ಅಲ್ಲೇ ನಿಂತಿತು. ಆದರೂ ಕುರ್ಚಿ ಒರೆಸಿದ, ಚಹಾ ತರಿಸುತ್ತೇನೆಂದ, ಖಾಕಿ ಹಾಕದೆ ಬಂದ ಹವಾಲ್ದಾರ ಅಳಿಯನಂತೆ ಕಾಣುತ್ತಾನೆಂದು ಚೇಷ್ಟೆ ಮಾಡಿದ. ಮಡೆಪ್ಪ ನಕ್ಕ. ನಗದಿದ್ದರೆ ಅವನು ಎಚ್ಚರಾಗುತ್ತಿದ್ದ.

ಸುಭದ್ರಾಬಾಯಿ ಹೊರಗೆ, ಮಾಡಿನ ನೆರಳಲ್ಲೇ ನಿಂತಳು.

ಮಡೆಪ್ಪ ಕರವಸ್ತ್ರ ಬಿಚ್ಚಿ ಬ್ಯಾಟರಿಯನ್ನು ಕೆಲಸದ ಮೇಜಿನ ಮೇಲಿಟ್ಟ.

"ಇದು ಯಾರದು ಪಂಢರಿ?"

"ನಂಗೇನ ಗೊತ್ತೋ ಮಾರಾಯಾ. ಎಲ್ಲಾ ಒಂದೇ ನಮೂನಿ ಇರ್ತಾವ."

ಮಡೆಪ್ಪ ಅದನ್ನು ತಿರುವಿ ಹಾಕಿದ. ಚಕ್ರ ಮೇಲೆ ಬಂತು. ಪಂಢರಿ ಅದನ್ನು ನೋಡಿದ ರೀತಿಯಲ್ಲೇ ಮಡೆಪ್ಪನಿಗೆ ತಿಳಿಯಿತು, ಅವನು ಆ ಗುರುತನ್ನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದಾನೆ.

"ಸರ್ದಾರನ ಅಂಗಡ್ಯಾಗ ನಿನ್ನ ಫೋಟೋ ಅದ. ಹಾರ ಹಾಕ್ಕೊಂಡು ನಿಂತೀದಿ. ಛಲೋ ಕಾಣ್ತಿ."

ಪಂಢರಿ ಮಷೀನನ್ನು ಕೆಳಗಿಟ್ಟ. ಒಂದು ತಿರುಪು ಉರುಳಿ ಬಿತ್ತು. ಅದನ್ನು ಎತ್ತಲು ಬಾಗಿದವನು ಏಳುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

ಆಮೇಲೆ ಹೇಳತೊಡಗಿದ. ಜಗಳದ ಸಿಟ್ಟಿನಲ್ಲಿ ಕಾಶೀರಾಮ ಬ್ಯಾಟರಿ ಒಗೆದು ಹೋದನಂತೆ. ಬಿದ್ದಿತ್ತಲ್ಲ ಎಂದು ತಾನು ಎತ್ತಿಟ್ಟುಕೊಂಡನಂತೆ. ಮೇಳದಲ್ಲಿ ಬ್ಯಾಟರಿ ಬೇಕೇ ಬೇಕೆಂದರಂತೆ, ಅದನ್ನೇ ಕೊಟ್ಟನಂತೆ. ಇದರಲ್ಲಿ ಹವಾಲ್ದಾರ ಬರುವಂಥದ್ದೇನಿದೆ?

ಮಡೆಪ್ಪ ಪೂರ್ತಿ ಕೇಳಿಸಿಕೊಂಡ. ಹೊಲದಲ್ಲಿ ಎತ್ತು ತಾನಾಗಿಯೇ ನಿಲ್ಲಲಿ ಎಂದು ಕಾಯುವವನ ಹಾಗೆ ಕಾದ.

"ಸಿಟ್ಟಾದ ಮನಷ್ಯಾ ಹೆಂಡ್ತಿ ಬಿಟ್ಟ ಹೋಗ್ತಾನ, ಊರು ಬಿಟ್ಟ ಹೋಗ್ತಾನ. ನಿಮ್ಮ ಟೋಳ್ಯಾಗ ಬ್ಯಾಟರಿ ಒಗದು ಹೋದವ ಯಾರರ ಒಬ್ಬನ್ನ ತೋರ್ಸು."

ಪಂಢರಿ ಮೇಜಿನ ಅಂಚನ್ನು ಹಿಡಿದುಕೊಂಡ.

"ಅದೂ ಬಿಡು. ಠಾಣ್ಯಾಗ ನನ್ನ ಎದುರಿಗಿ ಕುಂತು ಏನಂದಿ? ಚೀಲದಾಗ ಹಾಕ್ಕೊಂಡು ಹೋದದ್ದು ನಾನೇ ನೋಡೀನಿ ಅಂದಿ. ನಾ ಕೇಳಿದ್ದಿಲ್ಲ ಪಂಢರಿ. ಬ್ಯಾಟರಿ ಸುದ್ದಿ ನೀನೇ ತೆಗದಿ. ಅದು ಅಂದ್ರ ಮಡೆಪ್ಪ ನಂಬ್ತಾನ ಅಂತ ನಿನಗ ಗೊತ್ತಿತ್ತು."

ಮೇಜಿನ ಅಂಚನ್ನು ಹಿಡಿದಿದ್ದ ಪಂಢರಿಯ ಬೆರಳುಗಳು ಬಿಳಿಚಿಕೊಂಡವು.

"ಮಂದಿಗಿ ಸುಳ್ಳ ಹೇಳು, ನಾ ಕೇಳಂಗಿಲ್ಲ," ಎಂದ ಮಡೆಪ್ಪ. ದನಿ ಏರಲಿಲ್ಲ. "ನಿನ್ನ ಸುಳ್ಳಿಗಿ ನನ್ನ ಸಹಿ ಯಾಕ ತಗೊಂಡಿ?"

ಪಂಢರಿ ತಲೆ ಎತ್ತಿದಾಗ ಅವನ ಕಣ್ಣಲ್ಲಿ ನೀರಿತ್ತು. ಅದು ಖರೆಯದೋ ಅಲ್ಲವೋ ಎಂದು ತೂಗಬೇಕಾಗಿ ಬಂದದ್ದೇ ಮಡೆಪ್ಪನಿಗೆ ಹೆಚ್ಚು ನೋವು ಕೊಟ್ಟಿತು. ನಿನ್ನೆಯವರೆಗೆ ಹಾಗೆ ತೂಗಿದವನಲ್ಲ.

"ಆಕೀ ಸಲುವಾಗಿ ಹೇಳಿದೆ," ಎಂದು ಪಂಢರಿ ಹೊರಗೆ ನಿಂತವಳತ್ತ ಗದ್ದ ತೋರಿಸಿದ. ದನಿ ತಗ್ಗಿಸಿ, ಬಾಗಿಲಿಗೆ ಬೆನ್ನು ಮಾಡಿ ಉಳಿದದ್ದನ್ನು ಹೇಳಿದ. ಕಾಶೀರಾಮ ಬದುಕಿದ್ದಾನೆ. ಪುಣೆಯಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಸೀಲಿಂಗ್ ಕೆಲಸವನ್ನೇ ಬಿಟ್ಟು ಆ ಹೆಂಗಸಿನ ಅಣ್ಣಂದಿರ ಜೊತೆ ಟೆಂಪೋ ಹೊಡೆಯುತ್ತಾನೆ. ಹೋಗುವಾಗ, ಇದು ಇನ್ನು ನನಗೇಕೆ ಎಂದು ಬ್ಯಾಟರಿಯನ್ನು ತನ್ನ ಕೈಗೇ ಕೊಟ್ಟ. ಯಾರಿಗೂ ಹೇಳಬೇಡವೆಂದು ಪ್ರಮಾಣ ಮಾಡಿಸಿಕೊಂಡ. ಅವಳೆದುರು ಇದನ್ನು ಹೇಳುವುದಕ್ಕೆ ತನಗೆ ಬಾಯಿ ಬರಲಿಲ್ಲ.

"ನಂಬಲಿಲ್ಲಂದ್ರ ಅವನ ಕೂಡೇ ಮಾತಾಡು."

ಜೇಬಿನಿಂದ ಫೋನು ತೆಗೆದು ಒಂದು ನಂಬರು ಒತ್ತಿದ. ಆ ಕಡೆ ಎತ್ತಿದ್ದೇ ತಡ, "ಕಾಶ್ಯಾ, ಮಡೆಪ್ಪ ಹವಾಲ್ದಾರ ನನ್ನ ಎದುರಿಗೇ ಅದಾನ. ಎಲ್ಲಾ ಹೇಳೀನಿ. ನೀನೇ ಒಂದು ಮಾತು ಹೇಳು," ಎಂದು ಹೇಳಿ ಮಡೆಪ್ಪನ ಕೈಗೆ ಕೊಟ್ಟ.

"ನಮಸ್ಕಾರ್ರೀ ಸಾಹೇಬರ. ನಾ ಕಾಶೀರಾಮ."

ಗಂಟಲು ಕಟ್ಟಿದಂಥ ದನಿ. ಹಿಂದೆ ಲಾರಿಗಳ ಹಾರ್ನು. ಮಡೆಪ್ಪ ಕಾಶೀರಾಮನನ್ನು ಊರಲ್ಲಿ ಕಂಡಿದ್ದನೇ ಹೊರತು ಕುಳಿತು ಮಾತಾಡಿದವನಲ್ಲ. ಆದ್ದರಿಂದ ಕೇಳಿ ಕೇಳಿ ನೋಡಿದ. ತಾಯಿಯ ಹೆಸರೇನು? ಗಿರಿಜಾಬಾಯಿ. ಮನೆ ಯಾವ ದಿಕ್ಕಿಗಿದೆ? ಬಡಗಣಕ್ಕೆ, ಬುದ್ಧವಿಹಾರದ ಹಿಂದೆ. ಮನೆಯ ಮುಂದೇನಿದೆ?

"ಬೋರ್ ಅದ್ರಿ. ಈಗ ನೀರು ಬರಂಗಿಲ್ಲ, ಹ್ಯಾಂಡಲ್ ಬಿಚ್ಚಿಟ್ಟಾರ."

ಎಲ್ಲವೂ ಸರಿಯಾಗಿತ್ತು. ಕಾಗದ ಹರಿದುಹಾಕಿ ಸಾಹೇಬರ, ನನ್ನನ್ನು ಹುಡುಕಬೇಡಿ, ನಾನು ಸುಖವಾಗಿದ್ದೇನೆ ಎಂದಿತು ದನಿ. ಮಡೆಪ್ಪನಿಗೆ ಒಂದು ಗಳಿಗೆ ಎದೆ ಹಗುರಾಯಿತು. ಕೊಲೆಯಾಗಿಲ್ಲ. ಗೆಳೆಯ ಸುಳ್ಳು ಹೇಳಿದ್ದಾನೆ, ಅಷ್ಟೆ. ಸುಳ್ಳನ್ನು ಎಂದಾದರೂ ಮರೆಯಬಹುದು.

ಆ ಹಗುರ ಉಳಿಯಲಿಲ್ಲ. ಚಿಂತಾಕಿಯ ಆ ಬೋರು ಯುಗಾದಿಯವರೆಗೆ ನೀರು ಕೊಟ್ಟಿತ್ತು. ಹ್ಯಾಂಡಲ್ ಬಿಚ್ಚಿಸಿದಾಗ ಜಗಳವಾಗಿ ಸ್ವತಃ ಮಡೆಪ್ಪನೇ ಅಲ್ಲಿಗೆ ಹೋಗಿ ಬಂದಿದ್ದ. ಹೋಳಿಗೆ ಹೋದವನು, ಊರಿನ ಯಾರಿಗೂ ಸಿಗದವನು, ಬಿಚ್ಚಿದ ಹ್ಯಾಂಡಲನ್ನು ಹೇಗೆ ಕಂಡ? ಯಾರೋ ಮನೆಯ ಬಾಗಿಲಿನ ಸುದ್ದಿಯನ್ನು ಇವನಿಗೆ ಮುಟ್ಟಿಸುತ್ತಿದ್ದಾರೆ.

ಪಂಢರಿ ಫೋನಿಗೆ ಕೈಚಾಚಿದ. "ಆತಲ್ಲಾ? ಸಾಕು ಕೊಡು. ಆಕೀಗಿ ನಾ ನಿಧಾನಕ್ಕ ತಿಳಿಸಿ ಹೇಳ್ತೀನಿ."

"ಇನ್ನೊಂದು ಮಾತು ಅದ," ಎಂದು ಮಡೆಪ್ಪ ತಿರುಗಿದ.

ಸುಭದ್ರಾಬಾಯಿ ಆಗಲೇ ಒಳಗೆ ಬಂದು ನಿಂತಿದ್ದಳು. ಎಷ್ಟನ್ನು ಕೇಳಿಸಿಕೊಂಡಿದ್ದಳೋ. ಮುಖದಲ್ಲಿ ಏನನ್ನೂ ಓದಲು ಬರುವಂತಿರಲಿಲ್ಲ.

"ನಂಗ ಕೊಡ್ರಿ," ಎಂದಳು.

ಪಂಢರಿ ನಡುವೆ ಬಂದ. ಹೆಣ್ಣುಮಗಳು, ತಡೆದುಕೊಳ್ಳಲಾರಳು, ಮನೆಗೆ ಹೋಗಿ ಗಿರಿಜಾಬಾಯಿಯ ಎದುರಿಗೆ ಮಾತಾಡಿಸೋಣ ಎಂದ. ಹಾಗೆನ್ನುತ್ತಾ ಫೋನನ್ನು ಕಿತ್ತುಕೊಳ್ಳುವಷ್ಟು ಹತ್ತಿರ ಬಂದ. ಮಡೆಪ್ಪ ಎಡಗೈಯನ್ನು ಅವನ ಎದೆಯ ಮೇಲಿಟ್ಟು ಹಿಂದೆ ಸರಿಸಿದ. ಹಾಸ್ಟೆಲಿನ ದಿನಗಳ ನಂತರ ಆ ಎದೆಯನ್ನು ಅವನು ಮುಟ್ಟಿದ್ದು ಅದೇ ಮೊದಲು. ಒಳಗೆ ಗುಂಡಿಗೆ ಬಡಿದುಕೊಳ್ಳುವುದು ಅಂಗೈಗೆ ಗೊತ್ತಾಯಿತು.

ಬಲಗೈಯ ಹೆಬ್ಬೆರಳಿನಿಂದ ಸ್ಪೀಕರ್ ಒತ್ತಿ ಫೋನನ್ನು ಅವಳಿಗೆ ಕೊಟ್ಟ.

"ಆಕೀನೇ ಲೈನಿಗಿ ಬಂದಾಳ. ನಿನ್ನ ಹೆಂಡ್ತಿಗಿ ನೀನೇ ಹೇಳು," ಎಂದ ಫೋನಿನೊಳಕ್ಕೆ.

ಆ ಕಡೆ ಲಾರಿಯೊಂದು ದಾಟಿ ಹೋಯಿತು. ಆಮೇಲೆ ಗಂಟಲು ಇನ್ನಷ್ಟು ಕಟ್ಟಿದ ದನಿ ಕೇಳಿಸಿತು.

"ನೋಡು, ನಂದು ಇಲ್ಲಿ ಬ್ಯಾರೆ ಸಂಸಾರ ಆಗ್ಯಾದ. ನನ್ನ ದಾರಿ ನೋಡಬ್ಯಾಡ. ತವರಮನಿಗಿ ಹೋಗಿ ಇರು. ಠಾಣೆ-ಗೀಣೆ ಅಂತ ತಿರಗಬ್ಯಾಡ. ನಾ ಇದ್ದೂ ಸತ್ತಂಗೇ ಅಂತ ತಿಳ್ಕೋ."

ಸುಭದ್ರಾಬಾಯಿ ಫೋನನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು. ಮೊದಲ ಮಾತಿಗೆ ಅವಳ ಕಣ್ಣು ಮುಚ್ಚಿದವು. ಎರಡನೆಯದಕ್ಕೆ ತೆರೆದುಕೊಂಡವು. ಆಮೇಲಿನದನ್ನೆಲ್ಲ ಅವಳು ತಲೆಯನ್ನು ಸ್ವಲ್ಪ ವಾರೆ ಮಾಡಿ ಕೇಳಿದಳು. ಮಾತನ್ನು ಬಿಟ್ಟು, ಮಾತಿನ ಹಿಂದಿರುವುದನ್ನಷ್ಟೇ ಕೇಳುವವಳ ಹಾಗೆ.

ಪಂಢರಿ ಗೋಡೆಗೆ ಒರಗಿಕೊಂಡ.

"ಕೇಳ್ತೇನು?" ಎಂದಿತು ದನಿ.

ಕೇಳಿತು ಎನ್ನುವಂತೆ ಅವಳು ತಲೆಯಾಡಿಸಿದಳು, ಕಾಣುವವರು ಯಾರೂ ಆ ಕಡೆ ಇಲ್ಲದಿದ್ದರೂ. ಅಳಲಿಲ್ಲ. ಬೈಯಲಿಲ್ಲ. ದೂರದ ಊರಿನಿಂದ ಬಂದವರನ್ನು ಹೊಸ್ತಿಲಲ್ಲಿ ಕೇಳುವಷ್ಟು ಮೆಲ್ಲಗೆ ಕೇಳಿದಳು:

"ಅಣ್ಣಾ, ಉಂಡೀಯೇನು?"

ಮಡೆಪ್ಪನಿಗೆ ಮೊದಲು ತಿಳಿಯಲಿಲ್ಲ. ಪಂಢರಿಯ ಮುಖ ನೋಡಿದ ಮೇಲೆ ತಿಳಿಯಿತು.

ಫೋನು ಕಟ್ಟಾಗಲಿಲ್ಲ. ಆ ಕಡೆ ಉಸಿರಾಡುವ ಸದ್ದೊಂದೇ ಇತ್ತು. ಆಮೇಲೆ ಗಂಟಲು ತಾನಾಗಿಯೇ ಬಿಟ್ಟುಕೊಂಡಿತು. ಕಾಶೀರಾಮನನ್ನು ಹುಡುಕಲು ಹೋದ ಗೋರಖನಾಥ ತನ್ನದೇ ದನಿಯಲ್ಲಿ, ಒಂದಿಷ್ಟೂ ಗಾಬರಿಯಿಲ್ಲದೆ ತಂಗಿಗೆ ಹೇಳಿದ:

"ಫೋನ್ ಪಂಢರಿ ಕೈಯಾಗ ಕೊಡು."